ಮಷಿನಿಸ್ಟ್ ಕೆಲಸ ಕಲಿಯುವುದು ಹೇಗೆ: ಅರ ಹಿಡಿಯುವ ದಿನದಿಂದ ಸಿಎನ್‌ಸಿ ಸೆಟ್ ಮಾಡುವವರೆಗೆ

25 ಮಿಲಿಮೀಟರ್ ತೂತಿನಲ್ಲಿ ಒಂದು ಶಾಫ್ಟ್ ಕೂರಬೇಕು. ಕೈಯಲ್ಲಿ ತಳ್ಳಿದರೆ ನಯವಾಗಿ ಒಳಗೆ ಹೋಗಬೇಕು, ಆದರೆ ಲಟಲಟ ಅಲ್ಲಾಡಬಾರದು. ಡ್ರಾಯಿಂಗಿನಲ್ಲಿ ತೂತಿಗೆ ಎಚ್7, ಶಾಫ್ಟಿಗೆ ಜಿ6 ಎಂದು ಬರೆದಿರುತ್ತದೆ. ಅಂದರೆ ತೂತು 25.000ದಿಂದ 25.021ರ ಒಳಗೆ ಇರಬೇಕು, ಶಾಫ್ಟ್ 24.980ದಿಂದ 24.993ರ ಒಳಗೆ ಇರಬೇಕು. ಶಾಫ್ಟ್ ಮಾಡುವವನಿಗೆ ಸಿಕ್ಕಿರುವ ಜಾಗ 13 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರ ಪಾಲಿನಲ್ಲಿ 13 ಪಾಲು. ತಲೆಗೂದಲು ಒಂದು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಅದರ ಐದನೇ ಒಂದು ಪಾಲೂ ಇಲ್ಲ.

ಕಬ್ಬಿಣದ ತುಂಡನ್ನು ಅಷ್ಟು ಸೂಕ್ಷ್ಮವಾಗಿ ಕಡಿದು ಆ ಅಳತೆಗೆ ತರುವುದೇ ಮಷಿನಿಸ್ಟ್ ಕೆಲಸ. ಅದೂ ಒಂದು ತುಂಡಿಗೆ ಮುಗಿಯುವುದಿಲ್ಲ. ಐವತ್ತು ತುಂಡು ಬೇಕೆಂದರೆ ಐವತ್ತೂ ಹಾಗೇ ಬರಬೇಕು.

ನಾನು ಈ ಕೆಲಸ ಕಲಿತೆ, ಆಮೇಲೆ ಕಲಿಸುತ್ತಾ ಬಂದೆ. ಹೊಸಬರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಯಂತ್ರ ಓಡಿಸುವುದನ್ನು ಬೇಗ ಕಲಿತುಬಿಡುತ್ತಾರೆ, ಅಳೆಯುವುದನ್ನು ತಡವಾಗಿ ಕಲಿಯುತ್ತಾರೆ. ಈ ಕ್ರಮ ತಿರುಗಿಸಿದರೆ ಮುಂದಿನ ಎಲ್ಲವೂ ಸುಲಭ. ಆ ಕ್ರಮದಲ್ಲೇ ಇದನ್ನು ಬರೆದಿದ್ದೇನೆ.

ಈ ಕೆಲಸ ನಿಮಗೆ ಒಗ್ಗುತ್ತದೆಯಾ ನೋಡಿಕೊಳ್ಳಿ

ದಿನವಿಡೀ ನಿಂತು ಮಾಡುವ ಕೆಲಸ ಇದು. ಶಬ್ದ ಇರುತ್ತದೆ, ಎಣ್ಣೆ ಇರುತ್ತದೆ, ಉಗುರಿನ ಸಂದಿಯಲ್ಲಿ ಕಪ್ಪು ಉಳಿಯುತ್ತದೆ. ದೈತ್ಯ ಶಕ್ತಿ ಏನೂ ಬೇಡ. ಭಾರ ಎತ್ತಲು ಕ್ರೇನ್ ಇದೆ, ಇನ್ನೊಬ್ಬರ ಕೈ ಇದೆ. ಬೇಕಾದದ್ದು ತಾಳ್ಮೆ, ದಶಾಂಶ ಲೆಕ್ಕದಲ್ಲಿ ಭಯ ಇಲ್ಲದಿರುವುದು, ಮತ್ತೆ ತಪ್ಪು ಮಾಡಿದಾಗ ಮುಚ್ಚಿಡದೆ ಹೇಳುವ ಗುಣ.

ಹೆಸರುಗಳ ಗೊಂದಲವನ್ನೂ ಈಗಲೇ ಬಿಡಿಸಿಕೊಳ್ಳಿ. ಆಪರೇಟರ್ ಅಂದರೆ ಸೆಟ್ ಆಗಿರುವ ಯಂತ್ರಕ್ಕೆ ಜಾಬ್ (ಕಡಿಯಬೇಕಾದ ತುಂಡು) ಹಾಕಿ, ತೆಗೆದು, ಅಳೆಯುವವರು. ಸೆಟ್ಟರ್ ಅಂದರೆ ಕಡಿಯುವ ಟೂಲ್ ಕಟ್ಟಿ, ಅಳತೆ ಶುರುವಾಗುವ ಶೂನ್ಯ ಹಿಡಿದು, ಮೊದಲ ಜಾಬ್ ಸರಿಯಾಗಿ ತೆಗೆದುಕೊಡುವವರು. ಪ್ರೋಗ್ರಾಮರ್ ಡ್ರಾಯಿಂಗ್ ನೋಡಿ ಪ್ರೋಗ್ರಾಂ ಬರೆಯುತ್ತಾರೆ. ಪೂರ್ತಿ ಮಷಿನಿಸ್ಟ್ ಆದವರಿಗೆ ಬರಿಯ ಡ್ರಾಯಿಂಗ್ ಮತ್ತು ಕಚ್ಚಾ ತುಂಡು ಕೊಟ್ಟರೆ ಸಾಕು, ಉಳಿದದ್ದನ್ನು ಅವರೇ ಯೋಚಿಸಿ ಮುಗಿಸುತ್ತಾರೆ. ನಿಮ್ಮ ಗುರಿ ಈ ಕೊನೆಯದು ಆಗಿರಲಿ. ಆಪರೇಟರ್ ಆಗಿ ಕೆಲಸಕ್ಕೆ ಸೇರುವುದರಲ್ಲಿ ತಪ್ಪಿಲ್ಲ, ಅಲ್ಲೇ ಹತ್ತು ವರ್ಷ ಉಳಿದುಬಿಡುವುದು ಬೇಡ.

ಎಲ್ಲಿ ಕಲಿಯಬೇಕು?

ಮುಖ್ಯವಾಗಿ ಎರಡು ದಾರಿ. ಒಂದು ತಾಂತ್ರಿಕ ಶಾಲೆ, ಇನ್ನೊಂದು ಕಾರ್ಖಾನೆಯಲ್ಲಿ ಅಪ್ರೆಂಟಿಸ್. ಶಾಲೆಯಲ್ಲಿ ಲೆಕ್ಕ, ಡ್ರಾಯಿಂಗ್, ಲೋಹದ ಪಾಠ ಅಚ್ಚುಕಟ್ಟಾಗಿ ಸಿಗುತ್ತದೆ. ಕೈಗೆ ಅಭ್ಯಾಸ ಕಡಿಮೆ. ಅಪ್ರೆಂಟಿಸ್‌ಗೆ ಕೈ ಬೇಗ ಕುದುರುತ್ತದೆ, ಆದರೆ ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ಹೇಳಲು ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ. ಎರಡೂ ಸೇರಿದ್ದರೆ ಒಳ್ಳೆಯದು. ಬಹಳ ದೇಶಗಳಲ್ಲಿ ಈ ಎರಡನ್ನೂ ಸೇರಿಸಿ ಮೂರರಿಂದ ನಾಲ್ಕು ವರ್ಷದ ತರಬೇತಿ ಇಟ್ಟಿರುವುದು ಅದಕ್ಕೇ.

ಸೇರುವ ಮುಂಚೆ ಹೋಗಿ ವರ್ಕ್‌ಶಾಪ್ ನೋಡಿ ಬನ್ನಿ. ಕಟ್ಟಡ ನೋಡಬೇಡಿ, ಯಂತ್ರ ನೋಡಿ. ತುಂಡನ್ನು ತಿರುಗಿಸಿ ಕಡಿಯುವ ಯಂತ್ರವೇ ಲೇತ್. ಒಂದು ಲೇತ್‌ಗೆ ಎಷ್ಟು ಜನ ಕಲಿಯುವವರು? ಮೈಕ್ರೋಮೀಟರ್ ಗಾಜಿನ ಬೀರುವಿನಲ್ಲಿ ಬೀಗ ಹಾಕಿಕೊಂಡಿದೆಯಾ, ಕಲಿಯುವವರ ಕೈಯಲ್ಲಿದೆಯಾ? ಜಾಬ್ ಕೆಟ್ಟರೆ ಏನು ಮಾಡುತ್ತಾರೆ ಅಂತ ಅಲ್ಲಿ ಕಲಿಯುತ್ತಿರುವವರನ್ನೇ ಕೇಳಿ. "ಬೈಯುತ್ತಾರೆ" ಅಂದರೆ ಇನ್ನೊಂದು ಜಾಗ ಹುಡುಕಿ. "ಕೂರಿಸಿಕೊಂಡು ಎಲ್ಲಿ ತಪ್ಪಿತು ಅಂತ ಅಳೆಸುತ್ತಾರೆ" ಅಂದರೆ ಅದು ಒಳ್ಳೆಯ ಜಾಗ.

ಯಂತ್ರ ಮುಟ್ಟುವ ಮುಂಚೆ

ನಾನು ಕಲಿಯುತ್ತಿದ್ದಾಗ ಪಕ್ಕದ ಲೇತ್‌ನಲ್ಲಿ ಒಬ್ಬರು ಚಕ್ ಕೀ, ಅಂದರೆ ಜಾಬ್ ಕಚ್ಚಿ ಹಿಡಿಯುವ ಚಕ್ಕನ್ನು ಬಿಗಿಯುವ ಕೀ, ತೆಗೆಯದೆ ಸ್ವಿಚ್ ಒತ್ತಿದರು. ಕೀ ಹಾರಿ ಗೋಡೆಗೆ ಬಡಿಯಿತು, ಗಾರೆ ಕಿತ್ತು ಬಂತು. ಆ ಗೋಡೆ ಮತ್ತು ನನ್ನ ತಲೆಯ ನಡುವೆ ಎರಡು ಮಾರು ದೂರ ಇತ್ತು. ಅವತ್ತಿನಿಂದ ನನಗೆ ಒಂದೇ ನಿಯಮ: ಚಕ್ ಕೀ ಕೈಯಲ್ಲಿರಬೇಕು, ಇಲ್ಲಾ ಅದರ ಸ್ಟ್ಯಾಂಡಿನಲ್ಲಿರಬೇಕು. ಅರೆ ಕ್ಷಣಕ್ಕೂ ಚಕ್‌ನಲ್ಲಿ ಬಿಟ್ಟು ಕೈ ತೆಗೆಯಬಾರದು.

ಗ್ಲೌಸ್ ವಿಷಯ ಹೊಸಬರಿಗೆ ವಿಚಿತ್ರ ಅನಿಸುತ್ತದೆ. ಕೈ ಕಾಪಾಡಲು ಇರುವ ಗ್ಲೌಸನ್ನು ತಿರುಗುವ ಯಂತ್ರದ ಹತ್ತಿರ ಹಾಕಲೇಬಾರದು. ಬಟ್ಟೆಯ ಒಂದು ಎಳೆ ಸುತ್ತಿಕೊಂಡರೆ ಸಾಕು, ಕೈಯೂ ಅದರ ಹಿಂದೆ ಹೋಗುತ್ತದೆ. ಉಂಗುರ, ಕೈಗಡಿಯಾರ, ಕೊರಳ ಸರ, ಸಡಿಲ ತೋಳು, ಬಿಟ್ಟ ಕೂದಲು, ಎಲ್ಲಕ್ಕೂ ಇದೇ ಮಾತು. ಕನ್ನಡಕ ಮಾತ್ರ ಒಳಗೆ ಬಂದ ಕ್ಷಣದಿಂದ ಹೊರಗೆ ಹೋಗುವವರೆಗೆ ಮುಖದ ಮೇಲೆ ಇರಲಿ. ನಿಮ್ಮ ಯಂತ್ರ ನಿಂತಿದ್ದರೂ ಪಕ್ಕದವರದ್ದು ಓಡುತ್ತಿರುತ್ತದೆ.

ಕಡಿದಾಗ ಬರುವ ಲೋಹದ ಚಿಪ್ಸ್ ಬಿಸಿಯಾಗಿ, ಬ್ಲೇಡಿನಂತೆ ಹರಿತವಾಗಿ ಇರುತ್ತದೆ. ಉದ್ದ ಸುರುಳಿ ಬಂದರೆ ಕೈಯಲ್ಲಿ ಎಳೆಯಬೇಡಿ. ಯಂತ್ರ ನಿಲ್ಲಿಸಿ, ಕೊಕ್ಕೆ ಅಥವಾ ಬ್ರಷ್‌ನಿಂದ ತೆಗೆಯಿರಿ. ಗಾಳಿ ಊದಿ ತೆಗೆಯುವ ಅಭ್ಯಾಸ ಬೇಡ, ಚೂರು ಕಣ್ಣಿಗೆ ಹಾರುತ್ತದೆ. ಮೆಗ್ನೀಸಿಯಂ ಚಿಪ್ಸ್‌ಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಬೆಂಕಿ ಇನ್ನೂ ಜಾಸ್ತಿಯಾಗುತ್ತದೆ. ಕಡಿಯುವಾಗ ಬಿಸಿ ಇಳಿಸಲು ಸುರಿಸುವ ಕೂಲಂಟ್ ಮೈಗೆ ತಾಗುತ್ತಲೇ ಇದ್ದರೆ ಚರ್ಮ ಒಡೆದು ತುರಿಕೆ ಬರಬಹುದು, ಹಾಗಾಗಿ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಜಾಬ್ ಅಳೆಯುವಾಗ ಸ್ಪಿಂಡಲ್ (ಯಂತ್ರದ ತಿರುಗುವ ದಂಡ) ಪೂರ್ತಿ ನಿಂತಿರಬೇಕು. ಇದರಲ್ಲಿ ಯಾವುದಕ್ಕೂ ವಿನಾಯಿತಿ ಇಲ್ಲ.

ಮೊದಲ ಹಂತ: ಬೆಂಚ್ ಮೇಲೆ ಅರದ ಕೆಲಸ

ಹೆಚ್ಚಿನವರು ಇಲ್ಲೇ ಬೇಜಾರು ಮಾಡಿಕೊಳ್ಳುತ್ತಾರೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಓಡುವ ಯಂತ್ರ, ಕಲಿಯಲು ಬಂದವರಿಗೆ ಎರಡು ವಾರ ಅರ ಹಿಡಿದು ಉಜ್ಜು ಅಂದರೆ ಬೇಜಾರು ಸಹಜ, ಅಲ್ವಾ? ಆದರೂ ಬಿಡಬೇಡಿ. ಲೋಹ ಹೇಗೆ ಬಿಟ್ಟುಕೊಡುತ್ತದೆ ಅನ್ನುವುದು ಕೈಗೆ ಗೊತ್ತಾಗುವುದು ಇಲ್ಲೇ.

ಅಭ್ಯಾಸ ಸರಳವಾದದ್ದು. ಮೈಲ್ಡ್ ಸ್ಟೀಲ್‌ನ ಚೌಕದ ತುಂಡು, 50 ಮಿಮೀ ಉದ್ದ, 50 ಮಿಮೀ ಅಗಲ. ಮೊದಲು ಒಂದು ಅಂಚನ್ನು ಮಟ್ಟಸ ಮಾಡಿ. ಆಮೇಲೆ ಪಕ್ಕದ ಅಂಚನ್ನು ಅದಕ್ಕೆ 90 ಡಿಗ್ರಿಗೆ ತನ್ನಿ. ಅರ ಮುಂದೆ ಹೋಗುವಾಗ ಮಾತ್ರ ಕಡಿಯುತ್ತದೆ, ವಾಪಸ್ ಬರುವಾಗ ಒತ್ತಡ ಬಿಡಿ. ಶುರುವಿನಲ್ಲಿ ಮುಂದಿನ ಕೈಯ ಒತ್ತಡ ಜಾಸ್ತಿ, ಮಧ್ಯದಲ್ಲಿ ಎರಡೂ ಸಮ, ಕೊನೆಗೆ ಹಿಡಿ ಹಿಡಿದ ಕೈಯ ಒತ್ತಡ ಜಾಸ್ತಿ. ಹೀಗೆ ಮಾಡದಿದ್ದರೆ ಅರ ತೊಟ್ಟಿಲಿನಂತೆ ತೂಗುತ್ತದೆ, ತುಂಡಿನ ಮಧ್ಯ ಉಬ್ಬು ಉಳಿಯುತ್ತದೆ. ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ಎರಡು ತುದಿಯಲ್ಲಿ ಬೆಳಕಿನ ಗೆರೆ ಕಂಡರೆ ಮಧ್ಯ ಉಬ್ಬಿದೆ ಅಂತ ಅರ್ಥ. ಬೆಳಕು ಪೂರ್ತಿ ಮುಚ್ಚುವವರೆಗೆ ಬಿಡಬೇಡಿ. ಅರದ ಹಲ್ಲಿಗೆ ಸ್ವಲ್ಪ ಸೀಮೆಸುಣ್ಣ ಹಚ್ಚಿದರೆ ಚೂರು ಸಿಕ್ಕಿಕೊಂಡು ಗೀರು ಬೀಳುವುದು ಕಡಿಮೆಯಾಗುತ್ತದೆ.

ಇದರ ಜೊತೆಗೇ ಮಾರ್ಕಿಂಗ್, ಸೆಂಟರ್ ಪಂಚ್, ಡ್ರಿಲ್ಲಿಂಗ್, ಟ್ಯಾಪಿಂಗ್ (ತೂತಿನೊಳಗೆ ಸ್ಕ್ರೂ ಥ್ರೆಡ್ ಕಡಿಯುವುದು) ಬರುತ್ತದೆ. ಟ್ಯಾಪ್ ಮಾಡುವ ಮುಂಚಿನ ಡ್ರಿಲ್ ಸೈಜಿಗೆ ಸುಲಭ ಲೆಕ್ಕ ಇದೆ: ವ್ಯಾಸದಲ್ಲಿ ಪಿಚ್ (ಥ್ರೆಡ್ಡಿನ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ದೂರ) ಕಳೆಯಿರಿ. ಎಂ6ಕ್ಕೆ, ಅಂದರೆ 6 ಮಿಮೀ ಥ್ರೆಡ್ಡಿಗೆ, ಪಿಚ್ 1, ಡ್ರಿಲ್ 5.0. ಎಂ8ಕ್ಕೆ ಪಿಚ್ 1.25, ಲೆಕ್ಕಕ್ಕೆ 6.75, ಡ್ರಿಲ್ 6.8. ಎಂ10ಕ್ಕೆ ಪಿಚ್ 1.5, ಡ್ರಿಲ್ 8.5. ಕೈಯಲ್ಲಿ ಟ್ಯಾಪ್ ತಿರುಗಿಸುವಾಗ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚಿಪ್ ಮುರಿಯುವುದು ಬೆರಳಿಗೆ ಗೊತ್ತಾಗುತ್ತದೆ. ಬಿಗಿ ಅನಿಸಿದರೂ ಬಲ ಹಾಕಿದರೆ ಟ್ಯಾಪ್ ಒಳಗೇ ಮುರಿಯುತ್ತದೆ. ಅದನ್ನು ತೆಗೆಯುವ ಕಷ್ಟ ಒಂದು ಸಲ ಪಟ್ಟವರು ಮತ್ತೆ ಆತುರ ಮಾಡುವುದಿಲ್ಲ.

ಎರಡನೇ ಹಂತ: ಅಳತೆ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕೆಲಸದ ಬೇರು ಇರುವುದು ಇಲ್ಲಿ.

ಮೊದಲು ವರ್ನಿಯರ್ ಕ್ಯಾಲಿಪರ್. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ಪ್ರಕಟಿಸಿದ ಉಪಾಯ ಇದು. 49 ಮಿಮೀ ಉದ್ದವನ್ನು 50 ಭಾಗ ಮಾಡಿರುತ್ತಾರೆ, ಹಾಗಾಗಿ ಒಂದೊಂದು ಗೆರೆಗೂ 0.02 ಮಿಮೀ ವ್ಯತ್ಯಾಸ. ವರ್ನಿಯರ್‌ನ ಶೂನ್ಯ ಮುಖ್ಯ ಸ್ಕೇಲಿನ 24 ದಾಟಿದೆ, 37ನೇ ಗೆರೆ ಮೇಲಿನ ಗೆರೆಗೆ ಸರಿಯಾಗಿ ಕೂಡಿದೆ ಅಂದುಕೊಳ್ಳಿ. 37 × 0.02 = 0.74. ಅಳತೆ 24.74. ಡಿಜಿಟಲ್ ಕ್ಯಾಲಿಪರ್ ಇದ್ದರೂ ಗೆರೆ ಓದುವುದನ್ನು ಕಲಿಯಿರಿ. ಬ್ಯಾಟರಿ ಮುಗಿದ ದಿನವೇ ಅರ್ಜೆಂಟ್ ಜಾಬ್ ಬರುತ್ತದೆ.

ಕ್ಯಾಲಿಪರ್ ನಂಬಿ 0.05ಕ್ಕಿಂತ ಬಿಗಿಯಾದ ಅಳತೆ ಒಪ್ಪಿಕೊಳ್ಳಬೇಡಿ. ಅದಕ್ಕೆ ಮೈಕ್ರೋಮೀಟರ್ ಬೇಕು. ಒಳಗಿನ ಸ್ಕ್ರೂ ಪಿಚ್ 0.5 ಮಿಮೀ, ತಿರುಗುವ ಥಿಂಬಲ್ ಮೇಲೆ 50 ಗೆರೆ, ಒಂದು ಗೆರೆಗೆ 0.01. ಸ್ಲೀವ್ ಮೇಲೆ 24.5 ಕಾಣುತ್ತಿದೆ, ಥಿಂಬಲ್ 48ರಲ್ಲಿದೆ ಅಂದರೆ 24.98. ಆ ಅರ್ಧ ಮಿಲಿಮೀಟರ್ ಗೆರೆ ಕಣ್ಣು ತಪ್ಪಿಸಿಕೊಂಡರೆ 24.48 ಅಂತ ಓದಿಬಿಡುತ್ತೀರಿ. ಹೊಸಬರ ಅರ್ಧಕ್ಕರ್ಧ ತಪ್ಪು ಇದೇ. ಹಾಗಾಗಿ ಮೈಕ್ರೋಮೀಟರ್ ಓದುವ ಮುಂಚೆ ಕ್ಯಾಲಿಪರ್‌ನಲ್ಲಿ ಒಂದು ಸಲ ಸುಮಾರು ಅಳತೆ ನೋಡಿಕೊಳ್ಳಿ.

ದಿನಾ ಬೆಳಿಗ್ಗೆ ಮೈಕ್ರೋಮೀಟರ್‌ನ ಎರಡು ಮುಖ ಒರೆಸಿ, ಮುಚ್ಚಿ, ಶೂನ್ಯ ಸರಿ ಇದೆಯಾ ನೋಡಿ. ದೊಡ್ಡ ಸೈಜಿನದ್ದಾದರೆ ಜೊತೆಗೆ ಬರುವ ಅಳತೆ ಕಡ್ಡಿ ಇಟ್ಟು ನೋಡಿ. ಬಿಗಿ ಮಾಡಲು ರಾಚೆಟ್ ಮಾತ್ರ ತಿರುಗಿಸಿ. ಥಿಂಬಲ್ ಹಿಡಿದು ಜಿ ಕ್ಲ್ಯಾಂಪ್ ಥರ ಬಿಗಿದರೆ ಅಳತೆಯೂ ಹೋಯಿತು, ಸಾಮಾನೂ ಹೋಯಿತು.

ಇನ್ನು ಬಿಸಿಯ ವಿಷಯ. ಉದ್ದದ ಅಳತೆಗೆ ಪ್ರಪಂಚ ಪೂರ್ತಿ ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಸ್ಟೀಲ್ ಒಂದು ಡಿಗ್ರಿ ಬಿಸಿಯಾದರೆ ಒಂದು ಮೀಟರ್‌ಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಅಲ್ಯೂಮಿನಿಯಂ ಅದರ ಎರಡರಷ್ಟು. 100 ಮಿಮೀ ವ್ಯಾಸದ ಸ್ಟೀಲ್ ಜಾಬ್ ಕಡಿದು ಕಡಿದು ಇದ್ದದ್ದಕ್ಕಿಂತ 25 ಡಿಗ್ರಿ ಜಾಸ್ತಿ ಬಿಸಿಯಾಗಿದ್ದರೆ ಸುಮಾರು 29 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ನನ್ನ ಎರಡನೇ ವರ್ಷದಲ್ಲಿ ಹೀಗೇ ಒಂದು ರೋಲರ್ ಹಾಳು ಮಾಡಿದೆ. ಸಂಜೆ ಬಿಸಿ ಇದ್ದಾಗ ಅಳತೆ ಸರಿಯಾಗಿತ್ತು, ಬೆಳಿಗ್ಗೆ ಬಂದು ನೋಡಿದರೆ 0.03 ಕಮ್ಮಿ. ಎರಡು ದಿನದ ಕೆಲಸ ಗುಜರಿಗೆ ಹೋಯಿತು. ಈಗ ಫೈನಲ್ ಕಟ್‌ಗೆ ಮುಂಚೆ ಜಾಬ್ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಕಾಯುತ್ತೇನೆ.

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಯಾವುದೋ ಒಂದು ನಯವಾದ ಪಿನ್ ತೆಗೆದುಕೊಳ್ಳಿ. ಹತ್ತು ಸಲ ಅಳೆಯಿರಿ, ಪ್ರತಿ ಸಲ ಮೈಕ್ರೋಮೀಟರ್ ಪೂರ್ತಿ ಬಿಚ್ಚಿ ಮತ್ತೆ ಮುಚ್ಚಿ. ಹತ್ತೂ ಸಂಖ್ಯೆ ಬರೆಯಿರಿ. ಆಮೇಲೆ ಅನುಭವಿ ಒಬ್ಬರ ಕೈಯಲ್ಲಿ ಅಳೆಸಿ. ನಿಮ್ಮ ಹತ್ತರ ಮಧ್ಯೆ 0.01ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕೈ ಇನ್ನೂ ಪಳಗಿಲ್ಲ. ವಾರಕ್ಕೊಮ್ಮೆ ಮಾಡಿ, ತಿಂಗಳಲ್ಲಿ ಸಂಖ್ಯೆಗಳು ಒಂದಕ್ಕೊಂದು ಹತ್ತಿರ ಬರುತ್ತವೆ.

ಆಮೇಲೆ ಸಣ್ಣ ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್, ತೂತಿನ ವ್ಯಾಸ ಅಳೆಯುವ ಬೋರ್ ಗೇಜ್, ನಿಖರ ದಪ್ಪದ ಸ್ಟೀಲ್ ತುಂಡುಗಳಾದ ಸ್ಲಿಪ್ ಗೇಜ್. ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ 1896ರಲ್ಲಿ ಕಂಡುಹಿಡಿದ ಸ್ಲಿಪ್ ಗೇಜ್ ನೋಡಿದರೆ ಇವತ್ತಿಗೂ ನನಗೆ ಖುಷಿಯಾಗುತ್ತದೆ. ಎರಡು ಸ್ಟೀಲ್ ತುಂಡನ್ನು ಒರೆಸಿ, ಒಂದರ ಮೇಲೊಂದು ಇಟ್ಟು ಸ್ವಲ್ಪ ತಿರುಚಿದರೆ ಅಂಟು ಇಲ್ಲದೆಯೂ ಅಂಟಿಕೊಳ್ಳುತ್ತವೆ. ಅಷ್ಟು ಮಟ್ಟಸ ಮುಖ.

ಮೂರನೇ ಹಂತ: ಡ್ರಾಯಿಂಗ್ ಮತ್ತು ಲೆಕ್ಕ

ಡ್ರಾಯಿಂಗ್ ಕೈಗೆ ಬಂದ ತಕ್ಷಣ ಮೂಲೆಯ ಪಟ್ಟಿ ಓದಿ. ಜಾಬ್‌ನ ನೋಟಗಳನ್ನು ಹಾಳೆಯ ಮೇಲೆ ಜೋಡಿಸುವ ಎರಡು ಪದ್ಧತಿಯಲ್ಲಿ ಯಾವುದು, ಫಸ್ಟ್ ಆಂಗಲ್ಲಾ, ಥರ್ಡ್ ಆಂಗಲ್ಲಾ ಅಂತ ಅಲ್ಲಿ ಚಿಹ್ನೆ ಇರುತ್ತದೆ. ಅದನ್ನು ನೋಡದೆ ಶುರು ಮಾಡಿದರೆ ಎಡಗಡೆಯ ತೂತು ಬಲಗಡೆಗೆ ಬರುತ್ತದೆ. ಆಮೇಲೆ ಲೋಹ ಯಾವುದು, ಸಾಮಾನ್ಯ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚು ಕಡಿಮೆ) ಎಷ್ಟು, ಬಿಗಿ ಅಳತೆ ಯಾವುದು ಅಂತ ನೋಡಿ. ಬಿಗಿ ಅಳತೆಗಳಿಗೆ ಪೆನ್ಸಿಲ್ ಸುತ್ತು ಹಾಕಿಕೊಳ್ಳಿ. ಜಾಬ್ ಹಿಡಿಯುವ ಕ್ರಮ ಆ ಸುತ್ತುಗಳಿಂದಲೇ ತೀರ್ಮಾನ ಆಗುತ್ತದೆ. ಒಂದಕ್ಕೊಂದು ನೇರ ಇರಬೇಕಾದ ಎರಡು ವ್ಯಾಸಗಳನ್ನು ಒಂದೇ ಹಿಡಿತದಲ್ಲಿ ಮುಗಿಸಬೇಕು. ಬಿಚ್ಚಿ ಮತ್ತೆ ಕಟ್ಟಿದರೆ ಆ ನೇರ ಹೋಗುತ್ತದೆ.

ಲೆಕ್ಕದಲ್ಲಿ ಶಾಲೆಯ ತ್ರಿಕೋನಮಿತಿ ಸಾಕು. ಟೇಪರ್, ಅಂದರೆ ಒಂದು ತುದಿಗೆ ಸಣ್ಣದಾಗುತ್ತಾ ಹೋಗುವ ದುಂಡು, ಅದೊಂದನ್ನೇ ನೋಡಿ. ದೊಡ್ಡ ತುದಿ 30, ಸಣ್ಣ ತುದಿ 20, ಉದ್ದ 50. ವ್ಯತ್ಯಾಸ 10, ಅದನ್ನು ಎರಡು ಪಟ್ಟು ಉದ್ದದಿಂದ ಅಂದರೆ 100ರಿಂದ ಭಾಗಿಸಿದರೆ 0.1. ಯಾವ ಕೋನದ ಟ್ಯಾನ್ 0.1? ಸುಮಾರು 5 ಡಿಗ್ರಿ 43 ನಿಮಿಷ. ಲೇತ್‌ನಲ್ಲಿ ಟೂಲ್ ಹೊತ್ತ ಕಾಂಪೌಂಡ್ ಸ್ಲೈಡನ್ನು ಅಷ್ಟಕ್ಕೆ ತಿರುಗಿಸಿದರೆ ಆಯಿತು.

ನಾಲ್ಕನೇ ಹಂತ: ಲೇತ್

1800ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೇ ಲೀಡ್ ಸ್ಕ್ರೂ (ಟೂಲನ್ನು ಉದ್ದಕ್ಕೆ ಸಾಗಿಸುವ ಸ್ಕ್ರೂ), ಟೂಲ್ ಹಿಡಿಯುವ ಸ್ಲೈಡ್, ಗೇರ್ ಮೂರನ್ನೂ ಸೇರಿಸಿ ಥ್ರೆಡ್ ಕಡಿಯುವ ಲೇತ್ ಮಾಡಿದರು. ಇವತ್ತಿನ ಸೆಂಟರ್ ಲೇತ್ ಎದುರು ನಿಂತರೆ ಆ ಮೂರೂ ಹಾಗೇ ಕಾಣುತ್ತವೆ.

ಮೊದಲ ದಿನ ಕರೆಂಟ್ ಹಾಕಬೇಡಿ. ಹ್ಯಾಂಡಲ್ ತಿರುಗಿಸಿ, ಯಾವುದು ಎತ್ತ ಹೋಗುತ್ತದೆ ಅಂತ ಕೈಗೆ ಕಲಿಸಿ. ಹ್ಯಾಂಡಲ್ ದಿಕ್ಕು ಬದಲಿಸಿದಾಗ ಸ್ವಲ್ಪ ಹೊತ್ತು ಸುಮ್ನೆ ತಿರುಗಿ ಆಮೇಲೆ ಸ್ಲೈಡ್ ಚಲಿಸುತ್ತದೆ. ಅದೇ ಬ್ಯಾಕ್‌ಲ್ಯಾಶ್. ಅಳತೆ ದಾಟಿ ಹೋದರೆ ಅಷ್ಟೇ ಹಿಂದೆ ತಂದರೆ ಸಾಲದು. ಒಂದು ಸುತ್ತು ಹಿಂದೆ ಬಂದು, ಮತ್ತೆ ಮುಂದಕ್ಕೆ ತಿರುಗಿಸಿ ಆ ಗೆರೆಗೆ ತರಬೇಕು. ಇನ್ನೊಂದು ಮಾತು. ಟೂಲನ್ನು ಅಡ್ಡಕ್ಕೆ ಸಾಗಿಸುವ ಕ್ರಾಸ್ ಸ್ಲೈಡಿನ ಡಯಲ್ ಕೆಲವು ಲೇತ್‌ಗಳಲ್ಲಿ ವ್ಯಾಸ ತೋರಿಸುತ್ತದೆ, ಕೆಲವಲ್ಲಿ ಟೂಲ್ ಚಲಿಸಿದ ದೂರ ತೋರಿಸುತ್ತದೆ. ಎರಡನೆಯದರಲ್ಲಿ 0.1 ಒಳಗೆ ಹೋದರೆ ವ್ಯಾಸ 0.2 ಕಮ್ಮಿಯಾಗುತ್ತದೆ. ಹೊಸ ಲೇತ್ ಸಿಕ್ಕಾಗ ಬೇಡದ ತುಂಡಿನ ಮೇಲೆ ಕಡಿದು ಅಳೆದು ಖಾತ್ರಿ ಮಾಡಿಕೊಳ್ಳಿ.

ಮೂರು ದವಡೆಯ ಚಕ್ ತಾನಾಗೇ ಮಧ್ಯಕ್ಕೆ ತರುತ್ತದೆ, ಪೂರ್ತಿ ನಿಖರವಾಗಿ ಅಲ್ಲ. ನಾಲ್ಕು ದವಡೆಯ ಚಕ್‌ನಲ್ಲಿ ಒಂದೊಂದು ದವಡೆಯೂ ಬೇರೆ ಬೇರೆ. ಅದರಲ್ಲಿ ಜಾಬ್ ಮಧ್ಯಕ್ಕೆ ತರುವುದನ್ನು ಚೆನ್ನಾಗಿ ಕಲಿಯಿರಿ. ಜಾಬ್ ಮೇಲೆ ಡಯಲ್ ಗೇಜ್ ಇಟ್ಟು ಚಕ್ಕನ್ನು ಕೈಯಲ್ಲಿ ತಿರುಗಿಸಿ. ಒಂದನೇ ದವಡೆ ಹತ್ತಿರ ಮುಳ್ಳು 0.40 ತೋರಿಸಿತು, ಎದುರಿನ ಮೂರನೇ ದವಡೆ ಹತ್ತಿರ 0.10 ತೋರಿಸಿತು ಅನ್ನಿ. ವ್ಯತ್ಯಾಸ 0.30. ಆದರೆ ಜಾಬ್ ಸರಿಸಬೇಕಾದದ್ದು ಅರ್ಧ, 0.15. ಮೂರನೇ ದವಡೆ ಚೂರು ಸಡಿಲಿಸಿ, ಒಂದನೆಯದನ್ನು ಬಿಗಿ ಮಾಡಿ, ಮುಳ್ಳು 0.25ಕ್ಕೆ ಬರಲಿ. ಆಮೇಲೆ ಎರಡು ಮತ್ತು ನಾಲ್ಕಕ್ಕೂ ಹೀಗೇ. ನಾಲ್ಕು ಕಡೆಯೂ ಮುಳ್ಳು ಒಂದೇ ಜಾಗದಲ್ಲಿ ನಿಂತರೆ ಸಮನಾಗಿ ಬಿಗಿ ಮಾಡಿ, ಇನ್ನೊಂದು ಸಲ ತಿರುಗಿಸಿ ನೋಡಿ. ಮೊದಲ ಸಲ ಅರ್ಧ ಗಂಟೆ ಬೇಕಾಗುತ್ತದೆ. ಆರು ತಿಂಗಳಲ್ಲಿ ಮೂರು ನಿಮಿಷದ ಕೆಲಸ.

ಸ್ಪಿಂಡಲ್ ವೇಗಕ್ಕೆ ಈ ಲೆಕ್ಕ ಬಾಯಿಪಾಠ ಇರಲಿ: ಕಟಿಂಗ್ ಸ್ಪೀಡನ್ನು (ಟೂಲ್ ಎದುರು ಲೋಹ ಸಾಗುವ ವೇಗ, ನಿಮಿಷಕ್ಕೆ ಇಷ್ಟು ಮೀಟರ್) 318ರಿಂದ ಗುಣಿಸಿ, ವ್ಯಾಸದಿಂದ ಭಾಗಿಸಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಲ್ಲಿ ಮೈಲ್ಡ್ ಸ್ಟೀಲ್‌ಗೆ ನಿಮಿಷಕ್ಕೆ ಸುಮಾರು 25 ಮೀಟರ್. ವ್ಯಾಸ 50 ಮಿಮೀ ಇದ್ದರೆ 318 × 25 ÷ 50, ಅಂದರೆ ನಿಮಿಷಕ್ಕೆ ಸುಮಾರು 160 ಸುತ್ತು. ಕಾರ್ಬೈಡ್ ಟೂಲ್‌ನಲ್ಲಿ 150 ಮೀಟರ್ ಇಟ್ಟರೆ ಅದೇ ಜಾಬ್‌ಗೆ 950ರ ಆಸುಪಾಸು. ವ್ಯಾಸ ಸಣ್ಣದಾದಷ್ಟೂ ಸುತ್ತು ಜಾಸ್ತಿ.

ಈಗ ಶುರುವಿನಲ್ಲಿ ಹೇಳಿದ ಆ ಶಾಫ್ಟ್ ಮಾಡೋಣ. 24.980 ಮತ್ತು 24.993ರ ಸುಮಾರು ಮಧ್ಯ, 24.987, ನಮ್ಮ ಗುರಿ. ಟೂಲ್ ತುದಿ ಸೆಂಟರ್ ಎತ್ತರಕ್ಕೆ ಇರಬೇಕು. ಫೇಸಿಂಗ್ (ತುದಿಯ ಮುಖ ಮಟ್ಟಸವಾಗಿ ಕಡಿಯುವುದು) ಮಾಡಿದಾಗ ಮಧ್ಯದಲ್ಲಿ ಚಿಕ್ಕ ಮೊಳಕೆ ಉಳಿದರೆ ಎತ್ತರ ಸರಿಯಿಲ್ಲ. ಸೆಂಟರ್ ಡ್ರಿಲ್ ಹೊಡೆದು, ಚಕ್ ಎದುರಿನ ತುದಿಗೆ ಟೇಲ್‌ಸ್ಟಾಕ್ ಆಸರೆ ಕೊಡಿ. ರಫ್ ಕಟ್‌ನಲ್ಲಿ 25.50ಕ್ಕೆ ತನ್ನಿ. ಜಾಬ್ ಆರಲಿ. ಇನ್ನು 0.51 ತೆಗೆಯಬೇಕು, ಅದನ್ನು ಒಂದೇ ಸಲ ತೆಗೆಯಬೇಡಿ. ಎರಡು ಸಮ ಭಾಗ ಮಾಡಿ. ವ್ಯಾಸದಲ್ಲಿ 0.25 ಹೋಗುವಂತೆ ಡಯಲ್ ಇಟ್ಟು ಮೊದಲ ಕಟ್ ತೆಗೆಯಿರಿ. 25.25 ಬರಬೇಕಿತ್ತು, ಅಳೆದರೆ 25.27 ಬಂತು. ಟೂಲ್ ಮತ್ತು ಜಾಬ್ ಒಂದನ್ನೊಂದು ಸ್ವಲ್ಪ ತಳ್ಳಿಕೊಂಡವು, ಅದಕ್ಕೇ 0.02 ಜಾಸ್ತಿ ಉಳಿಯಿತು. ಮುಂದಿನ ಕಟ್ ಹೆಚ್ಚು ಕಡಿಮೆ ಅಷ್ಟೇ ಆಳ ಇರುವುದರಿಂದ ತಳ್ಳುವುದೂ ಅಷ್ಟೇ ಇರುತ್ತದೆ. ಹಾಗಾಗಿ ಈಗ ಅಳೆದ 25.27ರಿಂದ 24.987ಕ್ಕೆ ಎಷ್ಟು ಬೇಕೋ ಅಷ್ಟು, 0.283, ಡಯಲ್‌ನಲ್ಲಿ ಮುಂದೆ ಹೋಗಿ. ಅದೇ ಫೀಡ್ (ಟೂಲ್ ಮುಂದೆ ಸಾಗುವ ಪ್ರಮಾಣ), ಅದೇ ವೇಗ. ಅಳತೆ ಬಂದು ಕೂರುತ್ತದೆ. 0.02 ಮಾತ್ರ ಉಳಿಸಿಕೊಂಡು ಕೊನೆಗೆ ಸವರಲು ಹೋದರೆ ಟೂಲ್ ಕಡಿಯುವ ಬದಲು ಉಜ್ಜುತ್ತದೆ, ಒಂದು ಸಲ ಏನೂ ಹೋಗುವುದಿಲ್ಲ, ಇನ್ನೊಂದು ಸಲ ಜಾಸ್ತಿ ಹೋಗುತ್ತದೆ.

ಮೇಲ್ಮೈ ನಯ ಆಗಬೇಕಾದರೆ ಫೀಡ್ ಕಡಿಮೆ ಮಾಡಿ. ಫೀಡ್ ಅರ್ಧಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ಗೆರೆಯ ಆಳ ಕಾಲು ಭಾಗಕ್ಕೆ ಇಳಿಯುತ್ತದೆ. ಕಿವಿ ಕೊಟ್ಟು ಕೇಳಿ. ಕಿರ್ರ್ ಅಂತ ಕಂಪಿಸುವ ಸದ್ದು ಬಂದರೆ ಅದು ಚಾಟರ್. ಟೂಲ್ ಜಾಸ್ತಿ ಹೊರಗೆ ಚಾಚಿದೆಯಾ ನೋಡಿ, ವೇಗ ಇಳಿಸಿ, ಫೀಡ್ ಸ್ವಲ್ಪ ಏರಿಸಿ. ಹೊಸಬರು ಹೆದರಿ ಫೀಡ್ ಇನ್ನೂ ಇಳಿಸುತ್ತಾರೆ, ಅದರಿಂದ ಸದ್ದು ಜಾಸ್ತಿಯೇ ಆಗುತ್ತದೆ.

ಥ್ರೆಡ್, ಬೋರಿಂಗ್, ಪಾರ್ಟಿಂಗ್ ಆಮೇಲೆ ಒಂದೊಂದಾಗಿ ಬರಲಿ. ಮೆಟ್ರಿಕ್ ಥ್ರೆಡ್ ಕೋನ 60 ಡಿಗ್ರಿ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ರೂಪಿಸಿದ ಹಳೆಯ ಥ್ರೆಡ್ 55 ಡಿಗ್ರಿ. ಹಳೆ ಯಂತ್ರ ರಿಪೇರಿಗೆ ಬಂದಾಗ ಎರಡನೆಯದೂ ಎದುರಾಗುತ್ತದೆ, ಥ್ರೆಡ್ ಗೇಜ್ ಇಟ್ಟು ನೋಡದೆ ಕಡಿಯಬೇಡಿ.

ಐದನೇ ಹಂತ: ಮಿಲ್ಲಿಂಗ್

ಲೇತ್‌ನಲ್ಲಿ ಜಾಬ್ ತಿರುಗುತ್ತದೆ, ಇಲ್ಲಿ ಟೂಲ್ ತಿರುಗುತ್ತದೆ. ಕಲಿಯಬೇಕಾದ ಮೊದಲ ಕೆಲಸ ಆರು ಮುಖವೂ ಒಂದಕ್ಕೊಂದು ನೇರ ಇರುವ ಇಟ್ಟಿಗೆಯಂಥ ತುಂಡು ಮಾಡುವುದು. ವೈಸ್‌ನ ಸ್ಥಿರ ದವಡೆಯನ್ನು ಡಯಲ್ ಗೇಜ್ ಇಟ್ಟು ಟೇಬಲ್‌ಗೆ ನೇರ ಮಾಡಿ. ಮೊದಲ ಮುಖ ಕಡಿದ ಮೇಲೆ ಅದನ್ನು ಸ್ಥಿರ ದವಡೆಗೆ ಒತ್ತಿ ಹಿಡಿಯಿರಿ, ಚಲಿಸುವ ದವಡೆ ಮತ್ತು ಜಾಬ್ ನಡುವೆ ಒಂದು ದುಂಡು ಕಡ್ಡಿ ಇಡಿ. ಆ ಕಡೆ ಮುಖ ಓರೆ ಇದ್ದರೂ ಕಡ್ಡಿ ಒಂದೇ ಗೆರೆಯಲ್ಲಿ ಒತ್ತುವುದರಿಂದ ಕಡಿದ ಮುಖ ಸ್ಥಿರ ದವಡೆಗೆ ಪೂರ್ತಿ ಕೂರುತ್ತದೆ. ಕಟ್ಟರ್ ತಿರುಗುವ ದಿಕ್ಕು ಮತ್ತು ಫೀಡ್ ದಿಕ್ಕು ಎದುರುಬದುರು ಇರಲಿ. ಒಂದೇ ದಿಕ್ಕಿಗೆ ಕಡಿಯುವ ಕ್ಲೈಂಬ್ ಮಿಲ್ಲಿಂಗ್‌ನಲ್ಲಿ ಫಿನಿಶ್ ಚೆನ್ನಾಗಿ ಬರುತ್ತದೆ, ಆದರೆ ಬ್ಯಾಕ್‌ಲ್ಯಾಶ್ ಇರುವ ಹಳೆಯ ಯಂತ್ರದಲ್ಲಿ ಕಟ್ಟರ್ ಟೇಬಲನ್ನೇ ಎಳೆದುಕೊಂಡು ಹಲ್ಲು ಮುರಿದುಕೊಳ್ಳುತ್ತದೆ.

ಲೋಹ ಮತ್ತು ಟೂಲ್

ಬೀಡು ಕಬ್ಬಿಣವನ್ನು ಸಾಮಾನ್ಯವಾಗಿ ಕೂಲಂಟ್ ಇಲ್ಲದೆಯೇ ಕಡಿಯುತ್ತಾರೆ, ಚಿಪ್ಸ್ ಪುಡಿಯಾಗಿ ಬರುತ್ತದೆ. ಅಲ್ಯೂಮಿನಿಯಂ ಟೂಲ್ ತುದಿಗೆ ಅಂಟಿಕೊಳ್ಳುತ್ತದೆ, ಹರಿತ ಟೂಲ್ ಮತ್ತು ಧಾರಾಳ ಕೂಲಂಟ್ ಬೇಕು. ಹಿತ್ತಾಳೆಯಲ್ಲಿ ಡ್ರಿಲ್ ತಟಕ್ಕನೆ ಒಳಗೆ ಎಳೆದುಕೊಳ್ಳುತ್ತದೆ, ಜಾಬ್ ಬಿಗಿಯಾಗಿ ಹಿಡಿದಿರಿ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಟೂಲ್ ಒಂದೇ ಕಡೆ ನಿಂತು ಉಜ್ಜಿದರೆ ಆ ಜಾಗ ಗಟ್ಟಿಯಾಗಿಬಿಡುತ್ತದೆ. ನಿಧಾನ ವೇಗ, ಬಿಡದ ಫೀಡ್ ಅದಕ್ಕೆ ಸರಿ.

ಎಚ್‌ಎಸ್‌ಎಸ್ ಟೂಲನ್ನು ಗ್ರೈಂಡರ್ ಮೇಲೆ ನೀವೇ ಮಸೆಯಲು ಕಲಿಯಿರಿ. ಸವೆದರೆ ಬದಲಿಸುವ ಕಾರ್ಬೈಡ್ ಇನ್ಸರ್ಟ್ ತುದಿಗಳ ಕಾಲದಲ್ಲಿ ಇದು ಯಾಕೆ ಅಂತ ಕೇಳುತ್ತಾರೆ. ಮಸೆದವರಿಗೆ ಮಾತ್ರ ಟೂಲ್ ತುದಿಯ ಕೋನಗಳಾದ ರೇಕ್, ಕ್ಲಿಯರೆನ್ಸ್ ಅಂದರೇನು ಅಂತ ನಿಜವಾಗಿ ಅರ್ಥ ಆಗುತ್ತದೆ. ಇನ್ಸರ್ಟ್ ಡಬ್ಬಿಯ ಮೇಲಿನ ಬರಹವನ್ನೂ ಓದಲು ಕಲಿಯಿರಿ. ಸಿಎನ್‌ಎಂಜಿ 120408 ಅಂದರೆ ಮೊದಲ ಅಕ್ಷರ 80 ಡಿಗ್ರಿಯ ವಜ್ರಾಕೃತಿ, ಕೊನೆಯ 08 ಅಂದರೆ ಮೂಗಿನ ತ್ರಿಜ್ಯ 0.8 ಮಿಮೀ.

ಆರನೇ ಹಂತ: ಸಿಎನ್‌ಸಿ

ಯಂತ್ರಕ್ಕೆ ಸಂಖ್ಯೆಗಳಿಂದ ದಾರಿ ಹೇಳುವ ಯೋಚನೆಯನ್ನು ಅಮೆರಿಕದ ಜಾನ್ ಪಾರ್ಸನ್ಸ್ ಮುಂದಿಟ್ಟರು. ಎಂಐಟಿ 1952ರಲ್ಲಿ ಅಂಥ ಮಿಲ್ಲಿಂಗ್ ಯಂತ್ರ ಓಡಿಸಿ ತೋರಿಸಿತು. ಇಲ್ಲಿಗೆ ಬರುವಷ್ಟರಲ್ಲಿ ನೀವು ಕೈಯಲ್ಲಿ ಕಡಿದಿದ್ದರೆ ಅರ್ಧ ದಾರಿ ಸವೆದಂತೆ. ವೇಗ, ಫೀಡ್, ಹಿಡಿತ ಎಲ್ಲ ಅದೇ. ಹ್ಯಾಂಡಲ್ ಬದಲು ಸಾಲುಗಳನ್ನು ಬರೆಯುತ್ತೀರಿ.

ಜಿ00 ವೇಗವಾಗಿ ಸಾಗು, ಜಿ01 ನೇರ ಗೆರೆಯಲ್ಲಿ ಕಡಿ, ಜಿ02 ಮತ್ತು ಜಿ03 ವೃತ್ತದಲ್ಲಿ ಕಡಿ, ಎಂ03 ಸ್ಪಿಂಡಲ್ ತಿರುಗಿಸು, ಎಂ05 ನಿಲ್ಲಿಸು, ಎಂ08 ಕೂಲಂಟ್ ಬಿಡು, ಎಂ30 ಮುಗಿಸು. ಮೊದಲ ಹತ್ತು ಪ್ರೋಗ್ರಾಂ ಚೌಕುಳಿ ಹಾಳೆಯ ಮೇಲೆ ಜಾಬ್ ಬರೆದು, ಬಿಂದುಗಳ ಲೆಕ್ಕ ಹಾಕಿ, ಕೈಯಲ್ಲೇ ಬರೆಯಿರಿ. ಸಾಫ್ಟ್‌ವೇರ್ ಆಮೇಲೆ.

ಬಿಂದು ಹಾಕಲು ಮರೆಯಬೇಡಿ. ಎಷ್ಟೋ ಕಂಟ್ರೋಲ್‌ಗಳು ದಶಾಂಶ ಬಿಂದು ಇಲ್ಲದ ಎಕ್ಸ್100 ಅನ್ನು 100 ಮೈಕ್ರಾನ್ ಅಂತ ಓದುತ್ತವೆ, ಅಂದರೆ 0.1 ಮಿಮೀ. ಟೂಲ್ ದೂರ ಹೋಗಬೇಕಾದ ಕಡೆ ಜಾಬ್ ಹತ್ತಿರವೇ ಉಳಿದು ಮುಂದಿನ ಸಾಲಿಗೆ ಗುದ್ದುತ್ತದೆ.

ಹೊಸ ಪ್ರೋಗ್ರಾಂ ಮೊದಲ ಸಲ ಓಡಿಸುವ ಕ್ರಮ ಹೀಗಿರಲಿ. ಪರದೆಯ ಮೇಲೆ ಗ್ರಾಫಿಕ್ ನೋಡಿ. ಟೂಲನ್ನು ಜಾಬ್‌ನಿಂದ ದೂರ ಎತ್ತಿ ಒಂದು ಸಲ ಗಾಳಿಯಲ್ಲಿ ಓಡಿಸಿ. ಆಮೇಲೆ ಒಂದೊಂದೇ ಸಾಲು ಓಡಿಸುವ ಸಿಂಗಲ್ ಬ್ಲಾಕ್ ಹಾಕಿ, ರ‍್ಯಾಪಿಡ್ ವೇಗ 25 ಶೇಕಡಾ ಅಥವಾ ಅದಕ್ಕೂ ಕಡಿಮೆ ಇಟ್ಟು, ಒಂದು ಕೈ ಟೂಲ್ ಸಾಗುವುದನ್ನು ನಿಲ್ಲಿಸುವ ಫೀಡ್ ಹೋಲ್ಡ್ ಗುಂಡಿಯ ಮೇಲೆ. ಟೂಲ್ ಹತ್ತಿರ ಬಂದಾಗ ನಿಲ್ಲಿಸಿ, ಪರದೆಯಲ್ಲಿ ಇನ್ನೆಷ್ಟು ದೂರ ಉಳಿದಿದೆ ಅಂತ ನೋಡಿ, ಕಣ್ಣಿಗೆ ಕಾಣುವ ದೂರಕ್ಕೆ ತಾಳೆ ಹಾಕಿ. ಪರದೆ 50 ಅನ್ನುತ್ತಿದೆ, ಕಣ್ಣಿಗೆ 10 ಕಾಣುತ್ತಿದೆ ಅಂದರೆ ಆಫ್‌ಸೆಟ್ (ಟೂಲ್ ಮತ್ತು ಜಾಬ್ ಎಲ್ಲಿದೆ ಅಂತ ಯಂತ್ರಕ್ಕೆ ಕೊಟ್ಟ ಸಂಖ್ಯೆ) ತಪ್ಪಿದೆ. ಅಲ್ಲೇ ನಿಲ್ಲಿಸಿ.

ಮೊದಲ ಜಾಬ್‌ನಲ್ಲಿ ಟೂಲ್ ವೇರ್ ಆಫ್‌ಸೆಟ್‌ಗೆ ವ್ಯಾಸದಲ್ಲಿ 0.2 ಜಾಸ್ತಿ ಕೊಟ್ಟು ಜಾಬ್ ಬೇಕಾದ್ದಕ್ಕಿಂತ ದಪ್ಪ ಉಳಿಯುವಂತೆ ಕಡಿಯಿರಿ, ಅಳೆಯಿರಿ, ಎಷ್ಟು ಬೇಕೋ ಅಷ್ಟು ಕಳೆದು ಮತ್ತೆ ಓಡಿಸಿ. ಆಮೇಲೆ ಪ್ರತಿ ಐದು ಹತ್ತು ಜಾಬ್‌ಗೆ ಅಳೆದು ಬರೆದಿಡಿ. 24.985, 24.987, 24.990 ಅಂತ ಏರುತ್ತಾ ಹೋದರೆ ಟೂಲ್ ಸವೆಯುತ್ತಿದೆ. 24.993 ದಾಟುವ ಮುಂಚೆಯೇ ತಿದ್ದಿ.

ಎಷ್ಟು ಕಾಲ ಬೇಕು?

ಬೆಂಚ್ ಮತ್ತು ಅಳತೆಗೆ ಎರಡರಿಂದ ಮೂರು ತಿಂಗಳು, ಲೇತ್‌ಗೆ ಆರೇಳು ತಿಂಗಳು, ಮಿಲ್ಲಿಂಗ್‌ಗೆ ನಾಲ್ಕೈದು, ಸಿಎನ್‌ಸಿ ಸೆಟ್ಟಿಂಗ್ ಮತ್ತು ಪ್ರೋಗ್ರಾಮಿಂಗ್‌ಗೆ ಒಂದು ವರ್ಷ. ಇದು ನಾನು ಕಲಿಸುವಾಗ ಕಂಡ ಲೆಕ್ಕ. ನಂಬಿ ಒಬ್ಬಂಟಿಯಾಗಿ ಬಿಡುವ ಮಟ್ಟಕ್ಕೆ ಇನ್ನೆರಡು ವರ್ಷ ಬೇಕು. ಆಮೇಲೆ ಗ್ರೈಂಡಿಂಗ್, ಟೂಲ್ ಮತ್ತು ಡೈ, ಐದು ಆಕ್ಸಿಸ್, ಗುಣಮಟ್ಟ ಪರೀಕ್ಷೆ, ಕಲಿಸುವ ಕೆಲಸ, ಹೀಗೆ ದಾರಿ ಕವಲೊಡೆಯುತ್ತದೆ.

ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ಪ್ರತಿ ಜಾಬ್‌ಗೆ ಒಂದು ಪುಟ. ಲೋಹ, ಟೂಲ್, ವೇಗ, ಫೀಡ್, ಬೇಕಾದ ಅಳತೆ, ಬಂದ ಅಳತೆ, ಎಲ್ಲಿ ತಪ್ಪಿತು. ಕೆಲಸ ಕೇಳಲು ಹೋದಾಗ ಸರ್ಟಿಫಿಕೇಟ್ ಜೊತೆ ಇದನ್ನೂ, ನೀವೇ ಮಾಡಿದ ಎರಡು ಮೂರು ಜಾಬ್‌ಗಳನ್ನೂ ತೆಗೆದುಕೊಂಡು ಹೋಗಿ. ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿರಿ.

ಹೆಚ್ಚಿನ ಕಡೆ ಕೈ ಪರೀಕ್ಷೆ ಇರುತ್ತದೆ. ಡ್ರಾಯಿಂಗ್, ತುಂಡು, ಲೇತ್ ಕೊಟ್ಟು ಇಷ್ಟು ಗಂಟೆ ಅನ್ನುತ್ತಾರೆ. ಮೊದಲ ಹತ್ತು ನಿಮಿಷ ಯಂತ್ರ ಮುಟ್ಟಬೇಡಿ. ಡ್ರಾಯಿಂಗ್ ಓದಿ, ಕೆಲಸದ ಕ್ರಮ ಹಾಳೆಯ ಮೇಲೆ ಬರೆಯಿರಿ, ಕೊಟ್ಟ ಮೈಕ್ರೋಮೀಟರ್‌ನ ಶೂನ್ಯ ನೋಡಿ. ಅಲ್ಲಾಡುವ ಯಂತ್ರ ಸಿಕ್ಕರೆ, ಡಯಲ್ ಹೇಗೆ ಅಂತ ಗೊತ್ತಿಲ್ಲದಿದ್ದರೆ, ಬಾಯಿ ಬಿಟ್ಟು ಕೇಳಿ. ಸಮಯ ಸಾಲದು ಅನಿಸಿದರೆ ಬಿಗಿ ಅಳತೆಗಳನ್ನು ಮೊದಲು ಮುಗಿಸಿ. ಕೊನೆಗೆ ಅಂಚಿನಲ್ಲಿ ಉಳಿದ ಹರಿತ ಚೂರು, ಅಂದರೆ ಬರ್, ತೆಗೆದು, ಜಾಬ್ ಒರೆಸಿ, ಆರಿದ ಮೇಲೆ ನೀವೇ ಒಂದೊಂದು ಅಳತೆಯನ್ನೂ ನೋಡಿ ಒಂದು ಚೀಟಿಯಲ್ಲಿ ಬರೆದು ಜಾಬ್ ಜೊತೆ ಇಡಿ. ಒಂದು ಅಳತೆ ತಪ್ಪಿದ್ದರೆ ಅದನ್ನೂ ಹಾಗೇ ಬರೆಯಿರಿ. ಪರೀಕ್ಷೆ ಮಾಡುವವರು ಹೇಗೂ ಮೈಕ್ರೋಮೀಟರ್ ಇಟ್ಟು ನೋಡುತ್ತಾರೆ, ನಿಮ್ಮ ಸಂಖ್ಯೆಯೂ ಅವರ ಸಂಖ್ಯೆಯೂ ಒಂದೇ ಬಂದರೆ ಅವರು ಮೊದಲು ಗಮನಿಸುವುದು ಅದನ್ನೇ.